ಅಮೆರಿಕದಲ್ಲಿ ಒಂದು ವಾರ, ಜಪಾನಿನಲ್ಲಿ ಒಂಬತ್ತು ತಿಂಗಳು. ನಮ್ಮ ತಮ್ಮನಿಗೆ ಎಷ್ಟು ದಿನ?

ಪ್ರಶ್ನೆ (ಹುಬ್ಬಳ್ಳಿಯಿಂದ, ಹೆಸರು ಬೇಡ ಅಂದಿದ್ದಾರೆ):
ಮೇಡಂ, ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ರಾತ್ರಿ ನಿದ್ದೆ ಇಲ್ಲ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡ್ತಾರೆ ಅಂತ ದಿನಾ ಜಗಳ. ಧಾರವಾಡದ ಒಂದು ದವಾಖಾನೆಗೆ ಸೇರಿಸಿ ಮೂರು ವಾರ ಆಯ್ತು. ಇನ್ನೊಂದು ವಾರ ಇರಲಿ ಅಂತಿದ್ದಾರೆ ಡಾಕ್ಟರು. ಅಮೆರಿಕದಲ್ಲಿರುವ ನಮ್ಮ ಕಾಕಾನ ಮಗ ಫೋನಿನಲ್ಲಿ, "ಇಲ್ಲಿ ಒಂದು ವಾರದಾಗ ಮನಿಗೆ ಕಳಸ್ತಾರ, ನಿಮ್ಮವರು ಬಿಲ್ ಏರಸಾಕ ಇಟ್ಕೊಂಡಾರ" ಅಂದ. ಜಪಾನಿನಲ್ಲಿ ತಿಂಗಳುಗಟ್ಟಲೆ ಇಡ್ತಾರೆ ಅಂತ ಯಾರೋ ಹೇಳಿದ್ದು ಕೇಳಿ ಅವ್ವ ಗಾಬರಿಯಾಗಿದ್ದಾಳೆ. ಯಾವ ಲೆಕ್ಕ ಸರಿ?

ಉತ್ತರ:
ಮೊದಲು ತಮ್ಮನ ವಿಷಯ ಮಾತಾಡೋಣ. ಇಂಥ ಕಾಯಿಲೆಗೆ ಮೂರು-ನಾಲ್ಕು ವಾರ ಜಾಸ್ತಿ ಏನಲ್ಲ. ಗುಳಿಗೆ ಶುರುವಾದ ಮೇಲೆ ನಿದ್ದೆ ಬೇಗ ಬರುತ್ತದೆ, ಅನುಮಾನ ಇಳಿಯಲು ವಾರಗಳೇ ಹಿಡಿಯುತ್ತವೆ. ಎರಡನೇ ವಾರ ಹುಡುಗ ಊಟ ಮಾಡ್ತಾನೆ, ಮಲಗ್ತಾನೆ, ನಗ್ತಾನೆ. ಆರಾಮಾದ ಅಂತ ಮನೆಯವರಿಗೆ ಅನಿಸುತ್ತದೆ. ಆದರೆ ಸಂಜೆ ಪಕ್ಕ ಕೂತು ಆ ನೆರೆಮನೆಯವರ ಸುದ್ದಿ ತೆಗೆದು ನೋಡಿ. ಅತ್ತಿತ್ತ ನೋಡಿ, ದನಿ ತಗ್ಗಿಸಿ, ಅದೇ ಹಳೇ ಕತೆ ಹೇಳಿದರೆ ಡಾಕ್ಟರು ಕೇಳಿದ ವಾರ ಕೊಡಿ.

ಕಾಕಾನ ಮಗ ಸುಳ್ಳು ಹೇಳಿಲ್ಲ. ಅಲ್ಲಿ ಬಹಳಷ್ಟು ರೋಗಿಗಳು ಒಂದೆರಡು ವಾರದಲ್ಲೇ ಹೊರಗೆ ಬರುತ್ತಾರೆ. ಅಲ್ಲಿನ ಕಾಯಿಲೆ ಬೇಗ ವಾಸಿಯಾಗುತ್ತದೆ ಅಂತಲ್ಲ. ವಿಮೆ ಕಂಪನಿಯವರು ಎರಡು-ಮೂರು ದಿನಕ್ಕೊಮ್ಮೆ "ಇನ್ನೂ ಯಾಕೆ ಬೇಕು?" ಅಂತ ಕೇಳುತ್ತಾರೆ. ತನಗೋ ಇನ್ನೊಬ್ಬರಿಗೋ ಜೀವದ ಅಪಾಯ ಇಲ್ಲ ಅಂತಾದರೆ ದುಡ್ಡು ನಿಲ್ಲುತ್ತದೆ. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.5 ಲಕ್ಷ ಜನ ಇದ್ದರು. ಆಮೇಲೆ ಹಾಸಿಗೆಗಳನ್ನು ಇಳಿಸುತ್ತ ಬಂದರು. ಊರೂರಲ್ಲಿ ಚಿಕಿತ್ಸಾ ಕೇಂದ್ರ ಮಾಡ್ತೀವಿ ಅಂದಿದ್ದು ಪೂರ್ತಿ ಆಗಲೇ ಇಲ್ಲ. ಹೀಗಾಗಿ ವಾರದಲ್ಲಿ ಹೊರಬಿದ್ದವರಲ್ಲಿ ಎಷ್ಟೋ ಜನ ಮತ್ತೆ ಮತ್ತೆ ಸೇರುತ್ತಾರೆ, ಕೆಲವರು ಜೈಲು ಸೇರುತ್ತಾರೆ. ಲಾಸ್ ಏಂಜಲೀಸ್ ಜೈಲನ್ನು ಆ ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ಅಂತ ಅಲ್ಲಿನವರೇ ಕರೆಯುತ್ತಾರೆ.

ಜಪಾನಿನದ್ದು ತದ್ವಿರುದ್ಧ. ಸರಾಸರಿ 270 ದಿನದ ಆಸುಪಾಸು. ಅವ್ವನಿಗೆ ಈ ಸಂಖ್ಯೆಯನ್ನು ಬಿಡಿಸಿ ಹೇಳಿ. ಹತ್ತು ರೋಗಿಗಳಲ್ಲಿ ಒಂಬತ್ತು ಜನ 10 ದಿನಕ್ಕೇ ಮನೆಗೆ ಹೋಗಿ, ಒಬ್ಬ 10 ವರ್ಷ ಉಳಿದರೂ ಸರಾಸರಿ ಒಂದು ವರ್ಷ ದಾಟುತ್ತದೆ. ಜಪಾನಿನಲ್ಲಿ ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರು ವರ್ಷದೊಳಗೇ ಹೊರಬರುತ್ತಾರೆ. ಆದರೆ ಯಾವುದೇ ದಿನ ವಾರ್ಡಿಗೆ ಹೋಗಿ ಎಣಿಸಿದರೆ, ವರ್ಷ ದಾಟಿದವರೇ ಅರ್ಧಕ್ಕಿಂತ ಹೆಚ್ಚು. ಅವರು ಯಾಕೆ ಉಳಿದರು? 1950-60ರ ದಶಕಗಳಲ್ಲಿ ಸರ್ಕಾರವೇ ಕಡಿಮೆ ಬಡ್ಡಿಗೆ ಸಾಲ ಕೊಟ್ಟು ಖಾಸಗಿ ಆಸ್ಪತ್ರೆಗಳನ್ನು ಕಟ್ಟಿಸಿತು. 1964ರಲ್ಲಿ ಮಾನಸಿಕ ಕಾಯಿಲೆಯ ಹುಡುಗನೊಬ್ಬ ಟೋಕಿಯೋದಲ್ಲಿ ಅಮೆರಿಕದ ರಾಯಭಾರಿ ರೈಶೌರ್ ಅವರಿಗೆ ಚಾಕು ಹಾಕಿದ. ಇಂಥವರನ್ನು ಒಳಗೇ ಇಡಿ ಅನ್ನೋ ಕೂಗು ಜೋರಾಯ್ತು. ಹಾಸಿಗೆ ಕಟ್ಟಿದ ಮೇಲೆ ಖಾಲಿ ಬಿಡೋಕೆ ಯಾವ ಮಾಲೀಕನಿಗೂ ಮನಸ್ಸು ಬರೋದಿಲ್ಲ, ಅಲ್ವಾ? ನಿಮ್ಮ ಕಾಕಾನ ಮಗನ ಅನುಮಾನ ಜಪಾನಿಗೆ ಸ್ವಲ್ಪ ಹೊಂದುತ್ತದೆ ನೋಡಿ.

ಇಟಲಿ 1978ರಲ್ಲಿ ಕಾನೂನು ತಂದು ಹಳೇ ಮಾನಸಿಕ ಆಸ್ಪತ್ರೆಗಳ ಬಾಗಿಲು ಹಾಕಿತು. ಈಗ ಸಾಮಾನ್ಯ ಆಸ್ಪತ್ರೆಯೊಳಗೇ 15 ಹಾಸಿಗೆ ಮೀರದ ಚಿಕ್ಕ ವಾರ್ಡು. ಒಪ್ಪಿಗೆ ಇಲ್ಲದೆ ಸೇರಿಸಿದರೆ ಆದೇಶ ಏಳು ದಿನಕ್ಕೆ ಮಾತ್ರ, ಬೇಕಾದರೆ ಮುಂದುವರಿಸಬೇಕು. ಟ್ರಿಯೆಸ್ಟೆ ಊರಲ್ಲಿ ಬಡಾವಣೆಯ ಕೇಂದ್ರಗಳು ಹಗಲೂ ರಾತ್ರಿ ತೆರೆದಿರುವಂತೆ ಮಾಡಿದರು. ದಿನ ಕಡಿಮೆ ಮಾಡೋದಾದರೆ ಹೀಗೆ ಮಾಡಬೇಕು ಅಂತ ನನ್ನ ಅಭಿಪ್ರಾಯ. ಹೊರಗೆ ನೋಡಿಕೊಳ್ಳುವವರು ಇದ್ದರೆ ಬೇಗ ಕಳಿಸಬಹುದು, ಇಲ್ಲದಿದ್ದರೆ ಬೇಗ ಕಳಿಸಿದ್ದು ಬರೀ ಲೆಕ್ಕಕ್ಕೆ.

ಪ್ರಶ್ನೆ (ಹಾವೇರಿ):
ಮೇಡಂ, ನಮ್ಮಲ್ಲಿ ರೋಗಿ ಜೊತೆ ಮನೆಯವರೊಬ್ಬರು ಇರಲೇಬೇಕು ಅಂತಾರೆ. ಬಿತ್ತನೆ ಟೈಮ್‌ನಲ್ಲಿ ಯಾರು ಕೂರಬೇಕು? ನಾವು ಅದಕ್ಕೇ ಬೇಗ ಬಿಡಿಸಿಕೊಂಡು ಬಂದ್ವಿ.

ಉತ್ತರ:
ನಮ್ಮ ಕಡೆ ದಿನಗಳನ್ನು ನಿರ್ಧರಿಸುವುದು ಎಷ್ಟೋ ಸಲ ಇದೇ, ಕಾಯಿಲೆ ಆಮೇಲೆ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಅವ್ವ, ಬುತ್ತಿಯ ರೊಟ್ಟಿ ಮುಗಿಯುವ ಹೊತ್ತಿಗೆ ಊರಿಂದ ಬರಬೇಕಾದ ಅಣ್ಣ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾ ಸಾಗರ್ ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ಮನೆಯವರನ್ನು ಜೊತೆಗೆ ಇರಿಸಿಕೊಂಡರು. ರೋಗಿಯನ್ನು ಬಿಟ್ಟುಹೋಗುವುದು ತಪ್ಪಿತು, ಕಾಯಿಲೆ ಏನು ಅಂತ ಮನೆಯವರಿಗೂ ತಿಳಿಯಿತು. ಒಳ್ಳೆಯ ಪದ್ಧತಿಯೇ, ಆದರೆ ಕೂಲಿ ಬಿಟ್ಟು ಬರುವವರ ಮೇಲೆ ಭಾರ. ಬಿತ್ತನೆ ಇದೆ ಅಂತ ಸೇರಿಸುವಾಗಲೇ ಹೇಳಿಬಿಡಿ. ಸರದಿ ಹಾಕಿಕೊಳ್ಳಿ. ಸುಮ್ನೆ ಸಹಿ ಹಾಕಿ ಕರೆದುಕೊಂಡು ಹೋಗಬೇಡಿ.

ಪ್ರಶ್ನೆ (ಗದಗ):
ಒಪ್ಪಿಗೆ ಇಲ್ಲದೆ ಎಷ್ಟು ದಿನ ಇಡಬಹುದು? ಯಾರೂ ಕೇಳೋರೇ ಇಲ್ವಾ?

ಉತ್ತರ:
ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ತಾನಾಗಿ ಒಪ್ಪಿ ಸೇರಿದ ವಯಸ್ಕ ಕೇಳಿದರೆ ಬಿಡಬೇಕು. ಸಂದೇಹ ಇದ್ದರೆ ಪರೀಕ್ಷಿಸಲು 24 ಗಂಟೆ ತಡೆಯಬಹುದು. ನಿರ್ಧಾರ ಮಾಡುವ ಸ್ಥಿತಿಯಲ್ಲಿ ಇಲ್ಲದವರನ್ನು ಅವರ ನಾಮನಿರ್ದೇಶಿತ ಪ್ರತಿನಿಧಿಯ (ತನ್ನ ಪರವಾಗಿ ನಿರ್ಧರಿಸಲು ರೋಗಿ ಹೆಸರಿಸಿದವರು, ಯಾರನ್ನೂ ಹೆಸರಿಸದಿದ್ದರೆ ಸಾಮಾನ್ಯವಾಗಿ ಮನೆಯವರು) ಅರ್ಜಿ ಮೇಲೆ ಸೇರಿಸಿಕೊಳ್ಳಬಹುದು, ಗರಿಷ್ಠ 30 ದಿನ. ಅದಕ್ಕೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರು ಮನೋವೈದ್ಯರೇ ಆಗಿರಬೇಕು. 30 ದಾಟಿದರೆ ಪರಿಶೀಲನಾ ಮಂಡಳಿಯ (ಇಂಥ ವಿಷಯ ನೋಡಲು ಇದೇ ಕಾಯ್ದೆಯಡಿ ರಚಿಸುವ ಸಮಿತಿ) ಅನುಮತಿ ಬೇಕು. ಮೊದಲ ಸಲ 90 ದಿನದವರೆಗೆ, ಆಮೇಲೆ 120, ಆಮೇಲೆ ಒಂದೊಂದು ಸಲಕ್ಕೆ 180. ಮನೆಯವರು ಕರೆದುಕೊಂಡು ಹೋಗಲ್ಲ ಅನ್ನೋದು ಯಾರನ್ನೂ ಒಳಗೇ ಇಡಲು ಕಾರಣ ಆಗುವುದಿಲ್ಲ ಅಂತಲೂ ಕಾಯ್ದೆಯಲ್ಲಿದೆ.

ಮೊದಲು ಕೇಳಿದವರು:
ಥ್ಯಾಂಕ್ಸ್ ಮೇಡಂ. ಇನ್ನೊಂದು ವಾರ ಬಿಡ್ತೀವಿ. ಬಿಡಿಸಿಕೊಂಡು ಬರುವಾಗ ಏನೇನು ಕೇಳಬೇಕು?

ಉತ್ತರ:
ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಎಷ್ಟು ತಿಂಗಳು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ ತೋರಿಸುವ ತಾರೀಖು ಕೇಳಿ. ಧಾರವಾಡಕ್ಕೆ ಪ್ರತಿ ಸಲ ಹೋಗಲಾಗದಿದ್ದರೆ ಹುಬ್ಬಳ್ಳಿ ಕಿಮ್ಸ್‌ನಲ್ಲೂ (ಈಗಿನ ಹೆಸರು ಕೆಎಂಸಿಆರ್‌ಐ) ಮನೋವೈದ್ಯ ವಿಭಾಗ ಇದೆ. ನಿದ್ದೆ ಮತ್ತೆ ಕೆಟ್ಟರೆ ಕಾಯಬೇಡಿ, ಅದೇ ಮೊದಲ ಸೂಚನೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಗುಳಿಗೆ ಡಬ್ಬಿ ಮೊದಲ ಕೆಲವು ತಿಂಗಳು ಅವ್ವನ ಕೈಯಲ್ಲಿರಲಿ, ತಮ್ಮನನ್ನು ಕೇಳಿ, ಅವನು ಒಪ್ಪಿದ ಮೇಲೆ.