ಎಸ್‌ಟಿಎಂ32ಎಫ್103ಗೆ ಯಾವ ರ್ಯಾಂಡಮ್ ಜನರೇಟರ್ ಹಾಕಬೇಕು?

ಬೆಸುಗೆ (ಪ್ರಶ್ನೆ):
ಒಂದೇ ಗೇಟ್‌ವೇಗೆ 433 ಮೆಗಾಹರ್ಟ್ಸ್‌ನಲ್ಲಿ ಡೇಟಾ ಕಳಿಸುವ 30 ಸೆನ್ಸರ್ ನೋಡ್‌ಗಳಿವೆ. ಚಿಪ್ ಎಸ್‌ಟಿಎಂ32ಎಫ್103ಸಿ8. ಪ್ಯಾಕೆಟ್‌ಗಳು ಡಿಕ್ಕಿಯಾದರೆ 0ರಿಂದ 1999 ಮಿಲಿಸೆಕೆಂಡ್ ಒಳಗೆ ಎಷ್ಟಾದರೂ ಕಾದು ಮತ್ತೆ ಕಳಿಸಬೇಕು. ಲೈಬ್ರರಿಯ ರ್ಯಾಂಡ್ ಫಂಕ್ಷನ್ ಬಳಸಿದ್ದೇನೆ, ಸೀಡ್ (ಸಂಖ್ಯೆಗಳ ಸರಣಿ ಶುರುವಾಗುವ ಬೆಲೆ) ಕೊಟ್ಟಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಎಲ್ಲವೂ ಒಟ್ಟಿಗೇ ಕಳಿಸುತ್ತವೆ. ಮರ್ಸೆನ್ ಟ್ವಿಸ್ಟರ್ ಎಂಬ ಬೇರೆ ಜನರೇಟರ್ ಹಾಕಿದರೆ ಸರಿಹೋಗುತ್ತಾ?

ತಂತಿಜಾಲ:
ಇಲ್ಲ ಸರ್. ತೊಂದರೆ ಇರೋದು ಸೀಡ್‌ನಲ್ಲಿ. ನೀವು ಕೊಡದಿದ್ದರೆ ಸಿ ಭಾಷೆಯ ನಿಯಮದಂತೆ ಸೀಡ್ 1. ಹಾಗಾಗಿ 30 ಚಿಪ್ಪುಗಳಲ್ಲೂ ಬರೋದು ಅದೇ ಸಂಖ್ಯೆಗಳು, ಅದೇ ಕ್ರಮದಲ್ಲಿ. ಮರ್ಸೆನ್ ಟ್ವಿಸ್ಟರ್‌ನಲ್ಲೂ ಅದೇ ಆಗುತ್ತದೆ, ಮೇಲಿಂದ ಅದರ ಸ್ಟೇಟ್‌ಗೆ (ಮುಂದಿನ ಸಂಖ್ಯೆ ಲೆಕ್ಕಹಾಕಲು ನೆನಪಿಟ್ಟುಕೊಳ್ಳುವ ಮಾಹಿತಿಗೆ) 2496 ಬೈಟ್ ಬೇಕು. ನಿಮ್ಮ 20 ಕೆಬಿ ರ್ಯಾಮಿನಲ್ಲಿ ಸುಮಾರು ಎಂಟನೇ ಒಂದು ಭಾಗ!

ಎಕ್ಸಾರ್‌ಶಿಫ್ಟ್32 ಎಂಬ ಸಣ್ಣ ಜನರೇಟರ್ ಧಾರಾಳವಾಗಿ ಸಾಕು. ಸ್ಟೇಟ್ 4 ಬೈಟ್. ಸ್ಟೇಟ್‌ನ ಬಿಟ್‌ಗಳನ್ನು ಎಡಕ್ಕೆ 13, ಬಲಕ್ಕೆ 17, ಎಡಕ್ಕೆ 5 ಸರಿಸಿ, ಪ್ರತಿ ಸಲ ಸ್ಟೇಟ್ ಜೊತೆ ಎಕ್ಸಾರ್ (ಎರಡು ಬಿಟ್ ಬೇರೆಯಾದಲ್ಲಿ 1, ಒಂದೇ ಆದಲ್ಲಿ 0) ಮಾಡಿ. ನಿಮ್ಮ ಚಿಪ್‌ನ ಕಾರ್ಟೆಕ್ಸ್-ಎಂ3 ಪ್ರೊಸೆಸರ್‌ನಲ್ಲಿ ಶಿಫ್ಟೂ ಎಕ್ಸಾರೂ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಆಗುವುದರಿಂದ ಲೆಕ್ಕ ಮೂರಕ್ಕೇ ಮುಗಿಯುತ್ತದೆ. ವೇರಿಯಬಲ್ ಅನ್‌ಸೈನ್ಡ್ ಇರಲಿ, ಇಲ್ಲದಿದ್ದರೆ ಬಲಕ್ಕೆ ಸರಿಸುವಾಗ ಸೈನ್ ಬಿಟ್ ನುಗ್ಗಿ ಕೆಡಿಸುತ್ತದೆ. ಸ್ಟೇಟ್ ಸೊನ್ನೆಯಾದರೆ ಮುಂದೆಲ್ಲ ಸೊನ್ನೆಯೇ.

ಸೀಡ್‌ಗೆ ಚಿಪ್‌ನೊಳಗಿನ 96 ಬಿಟ್ ಯೂನಿಕ್ ಐಡಿ ಬಳಸಿ. ಅದೊಂದೇ ಆದರೆ ಪ್ರತಿ ಬೂಟ್‌ಗೂ ಅದೇ ಸಂಖ್ಯೆಗಳು ಬರುತ್ತವೆ. ಒಮ್ಮೆ ಡಿಕ್ಕಿಯಾದ ಜೋಡಿ ಪ್ರತಿ ಸಲವೂ ಡಿಕ್ಕಿಯಾಗುತ್ತದೆ. ಅದಕ್ಕೇ ಬೂಟ್ ಎಣಿಕೆಯನ್ನೂ ಸೇರಿಸಿ. ಫ್ಲ್ಯಾಶ್‌ನ 1 ಕೆಬಿ ಪೇಜ್ ಒಂದನ್ನು ಮೀಸಲಿಟ್ಟು, ಬೂಟ್ ಆದಾಗಲೆಲ್ಲ ಮುಂದಿನ 16 ಬಿಟ್ ಜಾಗದಲ್ಲಿ ಎಣಿಕೆ ಬರೆಯಿರಿ. ಅಳಿಸುವ ಕೆಲಸ 512 ಬೂಟ್‌ಗೆ ಒಮ್ಮೆ ಬರುತ್ತದೆ. ಎಣಿಕೆಯ 2 ಬೈಟ್, ಆಮೇಲೆ ಐಡಿಯ 12 ಬೈಟ್, ಎಲ್ಲವನ್ನೂ ಕಲಸಿ ಒಂದೇ 32 ಬಿಟ್ ಸಂಖ್ಯೆ ಮಾಡುವ ಎಫ್‌ಎನ್‌ವಿ-1ಎ ಹ್ಯಾಶ್‌ಗೆ ಕೊಡಿ: ಆರಂಭ 2166136261, ಪ್ರತಿ ಬೈಟನ್ನು ಎಕ್ಸಾರ್ ಮಾಡಿ 16777619ರಿಂದ ಗುಣಿಸಿ. ಉತ್ತರ ಸೊನ್ನೆ ಬಂದರೆ 1 ಇಡಿ. ಹತ್ತಿರದ ಸೀಡ್‌ಗಳ ಶುರುವಿನ ಸಂಖ್ಯೆಗಳಲ್ಲಿ ಹೋಲಿಕೆ ಉಳಿಯಬಹುದು, ಮೊದಲ ಎಂಟು ಹತ್ತು ಬಿಸಾಡಿ.

ಬೆಸುಗೆ:
ಏನೂ ಜೋಡಿಸದ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಪಿನ್ ಓದಿ ಸೀಡ್ ಮಾಡಿದರೆ ಸಾಲದಾ?

ಓಮ್‌ಮೀಟರ್:
ಸಾಲದು. 12 ಬಿಟ್ ಎಡಿಸಿಯಲ್ಲಿ ಹೆಚ್ಚೆಂದರೆ 4096 ಬೆಲೆ. ಅವು ಸಮನಾಗಿ ಹಂಚಿಕೊಂಡರೂ 30 ನೋಡ್‌ಗಳಲ್ಲಿ ಯಾವುದಾದರೂ ಎರಡಕ್ಕೆ ಒಂದೇ ಸೀಡ್ ಬೀಳುವ ಸಂಭವ ಸುಮಾರು ಶೇ. 10. ನಿಜದಲ್ಲಿ ಓದು ಒಂದು ಸಣ್ಣ ವ್ಯಾಪ್ತಿಯಲ್ಲೇ ಗುಂಪುಗೂಡುತ್ತದೆ, ಆಗ ಇನ್ನೂ ಹೆಚ್ಚು.

0ರಿಂದ 1999ರೊಳಗಿನ ಸಂಖ್ಯೆ ಪಡೆಯಲು 2000ದಿಂದ ಭಾಗಿಸಿ ಶೇಷ ತೆಗೆಯುವ ಅಭ್ಯಾಸವನ್ನೂ ಬಿಡಿ. 2ರ ಘಾತದ ಮಾಡ್ಯುಲಸ್ ಇರುವ ಎಲ್‌ಸಿಜಿಗಳಲ್ಲಿ (ಹಿಂದಿನ ಸಂಖ್ಯೆಯನ್ನು ಗುಣಿಸಿ, ಕೂಡಿ, ಮಾಡ್ಯುಲಸ್‌ನಿಂದ ಭಾಗಿಸಿದ ಶೇಷ ಕೊಡುವ ಜನರೇಟರ್‌ಗಳಲ್ಲಿ) ಕೆಳಗಿನ ಬಿಟ್‌ಗಳು ತೀರಾ ದುರ್ಬಲ. ಕಟ್ಟಕಡೆಯ ಬಿಟ್ 0, 1, 0, 1 ಎಂದೇ ಓಡುತ್ತದೆ. 32 ಬಿಟ್ ಸಂಖ್ಯೆಯನ್ನು 64 ಬಿಟ್‌ನಲ್ಲಿ 2000ದಿಂದ ಗುಣಿಸಿ ಮೇಲಿನ 32 ಬಿಟ್ ತೆಗೆದುಕೊಳ್ಳಿ. ಇಂಟರಪ್ಟ್‌ನಲ್ಲೂ ಮುಖ್ಯ ಲೂಪ್‌ನಲ್ಲೂ ಒಂದೇ ಸ್ಟೇಟ್ ಬೇಡ, ನಡುವೆ ಇಂಟರಪ್ಟ್ ಬಿದ್ದರೆ ಎರಡೂ ಕಡೆ ಒಂದೇ ಸಂಖ್ಯೆ ಸಿಗಬಹುದು.

ತಂತಿಜಾಲ:
ಈ ಜನರೇಟರನ್ನೇ ಪೇರಿಂಗ್ ಕೀ (ನೋಡನ್ನು ಗೇಟ್‌ವೇಗೆ ಜೋಡಿಸುವ ಗುಟ್ಟಿನ ಸಂಖ್ಯೆ) ಮಾಡಲು ಮಾತ್ರ ದಯವಿಟ್ಟು ಬಳಸಬೇಡಿ. ಎಕ್ಸಾರ್‌ಶಿಫ್ಟ್32 ಕೊಡುವ ಸಂಖ್ಯೆಯೇ ಅದರ ಪೂರ್ತಿ ಸ್ಟೇಟ್. ಒಂದು ಸಿಕ್ಕರೆ ಮುಂದಿನದೆಲ್ಲ ಗೊತ್ತಾಯಿತು. ಯೂನಿಕ್ ಐಡಿಯೂ ಗುಟ್ಟಲ್ಲ. ಎಫ್103ರಲ್ಲಿ ಹಾರ್ಡ್‌ವೇರ್ ರ್ಯಾಂಡಮ್ ಜನರೇಟರ್ ಇಲ್ಲ, ಕೀ ಬೇಕಿದ್ದರೆ ಎಫ್407ರಂಥ ಅದಿರುವ ಚಿಪ್ ತೆಗೆದುಕೊಳ್ಳಿ, ಅಥವಾ ಪ್ರೋಗ್ರಾಂ ಮಾಡುವಾಗಲೇ ಪ್ರತಿ ನೋಡ್‌ಗೂ ಬೇರೆ ಬೇರೆ ಕೀ ಬರೆದಿಡಿ.