‘ಅವನು ನಿನಗೆ ಏನಾಗಬೇಕು?’ – ಉತ್ತರವಾಗಿ ನಿಲ್ಲುವ ಪದ ಯಾವುದು?

ಬಲ್ಲವರಿಗೆಲ್ಲ ಶಿರಸಿಯಿಂದ ನಮಸ್ಕಾರ. ಇಂಗ್ಲಿಷ್ ಮಾತಿನ ವೇಗ ಹಿಡಿಯಲಾಗದ ನಮ್ಮ ಮನೆಗಳ ಹಿರಿಯರೂ ನೋಡಲಿ ಎಂದು ನಾವು ನಾಲ್ಕೈದು ಮಂದಿ ಸೇರಿ ಹೊರದೇಶದ ಟೀವಿ ಧಾರಾವಾಹಿಗಳಿಗೆ ಕನ್ನಡದ ಸಬ್‌ಟೈಟಲ್ ಬರೆದುಕೊಳ್ಳುತ್ತಿದ್ದೇವೆ. ಈಗ ಕೈಯಲ್ಲಿರುವುದು 2016ರ ಅಮೆರಿಕದ ಅಪರಾಧ ಧಾರಾವಾಹಿ ‘ಐವಿಟ್ನೆಸ್’. 2014ರಲ್ಲಿ ನಾರ್ವೆಯಲ್ಲಿ ಬಂದ 6 ಕಂತುಗಳ ‘ಓಯೆವಿಟ್ನೆ’ಯನ್ನು ಅಲ್ಲಿನವರು 10 ಕಂತುಗಳಿಗೆ ಹಿಗ್ಗಿಸಿದ್ದಾರೆ. ಫಿಲಿಪ್ ಮತ್ತು ಲೂಕಸ್ ಎಂಬ ಇಬ್ಬರು ಹದಿಹರೆಯದ ಹುಡುಗರು ಕಾಡಿನ ಮನೆಯೊಂದರಲ್ಲಿ ಗುಟ್ಟಾಗಿ ಸೇರಿದ್ದಾಗ ಅವರ ಕಣ್ಣೆದುರಿಗೇ ಕೊಲೆಗಳು ನಡೆದುಹೋಗುತ್ತವೆ. ಕಂಡದ್ದನ್ನು ಹೇಳಿದರೆ ತಾವಿಬ್ಬರೂ ಅಲ್ಲಿಗೆ ಯಾಕೆ ಹೋಗಿದ್ದೆವು ಎಂಬುದನ್ನೂ ಹೇಳಬೇಕಾಗುತ್ತದೆ ಎಂದು ಅವರು ಬಾಯಿ ಬಿಡುವುದಿಲ್ಲ. ತನಿಖೆ ನಡೆಸುವ ಷರೀಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥೆ) ಹೆಲೆನ್ ಬೇರೆ ಯಾರೂ ಅಲ್ಲ, ಫಿಲಿಪ್‌ನ ಸಾಕುತಾಯಿ.

ನನ್ನ ತೊಡಕು ಇರುವುದು ‘ಬಾಯ್‌ಫ್ರೆಂಡ್’ ಎಂಬ ಒಂದು ಪದದಲ್ಲಿ. ಕನ್ನಡದಲ್ಲಿ ಒಬ್ಬರ ಸಂಬಂಧವನ್ನು ವಿಚಾರಿಸುವ ವಾಕ್ಯ ಸಿದ್ಧವಾಗಿಯೇ ಇದೆ: ‘ಅವನು ನಿನಗೆ ಏನಾಗಬೇಕು?’ ಪೊಲೀಸರೂ ಅದನ್ನೇ ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಅದನ್ನೇ ಕೇಳುತ್ತಾರೆ. ಈ ‘ಆಗಬೇಕು’ ಒಂದು ನಂಟಿನ ಪದವನ್ನೇ ಬಯಸುತ್ತದೆ; ಅಣ್ಣ, ಭಾವ, ಸೋದರಮಾವ, ಏನೂ ಸಿಗದಿದ್ದರೆ ‘ದೂರದ ಸಂಬಂಧ’. ಹಿಂದಿನ ಮಳೆಗಾಲದಲ್ಲಿ ಕುಮಟೆಯಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದ ತಿರುವುಗಳಲ್ಲಿ ನನ್ನ ಮುಂದಿನ ಸೀಟಿನ ಹುಡುಗನೊಬ್ಬನಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಜೊತೆಗಿದ್ದವನು ಅವನ ತಲೆಯನ್ನು ಕಿಟಕಿಗೆ ಬಡಿಯದಂತೆ ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಆಚೆ ಸೀಟಿನ ಅಜ್ಜಿ ಚೀಲದಿಂದ ಲಿಂಬೆಹಣ್ಣು ತೆಗೆದುಕೊಟ್ಟು, ‘ತಮಾ, ಅಂವ ನಿಂಗೆ ಎಂತ ಆಗ್ಬೇಕು?’ ಎಂದರು. ಅವನು ಒಂದು ತಿರುವು ದಾಟುವಷ್ಟು ಹೊತ್ತು ಸುಮ್ಮನಿದ್ದು ‘ತಮ್ಮ ಆಗ್ಬೇಕು’ ಎಂದ. ತಮ್ಮನೇ ಇದ್ದಿರಬಹುದು, ನನಗೆ ಬೇಡದ ವಿಚಾರ. ಆದರೆ ಆ ಪ್ರಶ್ನೆಗೆ ಒಪ್ಪುವ ಉತ್ತರಗಳ ಪಟ್ಟಿ ಎಷ್ಟು ಚಿಕ್ಕದು ಎಂಬುದು ಆಗ ತಲೆಗೆ ಹೊಕ್ಕಿತು.

ವಿಚಿತ್ರವೆಂದರೆ ಸಂಬಂಧವನ್ನು ಅಲ್ಲಗಳೆಯಲು ಕನ್ನಡದಲ್ಲಿ ಏನೂ ಕಷ್ಟವಿಲ್ಲ. ಲೂಕಸ್ ಜನರೆದುರು ಫಿಲಿಪ್‌ನನ್ನು ಗುರುತೇ ಇಲ್ಲದವನಂತೆ ಕಾಣುವ ಕಡೆಗಳಲ್ಲಿ ‘ಅವನು ನನಗೆ ಏನೂ ಆಗಬೇಕಿಲ್ಲ’ ಎಂದು ಬರೆದರೆ ಮೂಲಕ್ಕಿಂತ ಒಂದು ತೂಕ ಹೆಚ್ಚೇ ಬರುತ್ತದೆ. ಸಂಬಂಧವನ್ನು ಒಪ್ಪಿಕೊಳ್ಳುವ ಕಡೆಯಲ್ಲಿ ಮಾತ್ರ ಪೆನ್ನು ನಿಲ್ಲುತ್ತದೆ.

ಪತ್ರಿಕೆಗಳಲ್ಲಿ ರೂಢವಾಗಿರುವ ‘ಸಲಿಂಗಕಾಮಿ’ಯನ್ನು ಮೊದಲು ನೋಡೋಣ. ಸಮಾನವಾದ ಲಿಂಗ ‘ಸಲಿಂಗ’. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ‘ಕಾಮಿ’ ಎಂಬ ಉತ್ತರಪದಕ್ಕೂ ಸಂಸ್ಕೃತದಲ್ಲಿ ಬಯಸುವವನು ಎಂಬಷ್ಟೇ ಅರ್ಥ. ಮೋಕ್ಷಕಾಮಿ, ಶಾಂತಿಕಾಮಿ ಎನ್ನುವಾಗ ನಮಗೆ ಮುಜುಗರವಾಗುವುದಿಲ್ಲ. ಆದರೆ ಬಿಡಿಯಾಗಿ ನಿಂತ ‘ಕಾಮ’ವನ್ನು ಅಪರಾಧ ವರದಿಗಳು ಎಷ್ಟು ಉಜ್ಜಿವೆ ಎಂದರೆ ಕಾಮುಕ, ಕಾಮಾಂಧ, ವಿಕೃತಕಾಮಿ ಎಂಬ ಸಾಲಿನ ಪಕ್ಕದಲ್ಲೇ ಈ ಪದವೂ ಕಿವಿಗೆ ಬೀಳುತ್ತದೆ. ಹೆಣ್ಣನ್ನು ಪ್ರೀತಿಸಿದ ಗಂಡಸನ್ನು ನಾವು ‘ಪ್ರೇಮಿ’ ಎನ್ನುತ್ತೇವೆಯೇ ಹೊರತು ‘ಭಿನ್ನಲಿಂಗಕಾಮಿ’ ಎಂದು ಯಾರೂ ಕರೆಯುವುದಿಲ್ಲ. (ಕಾಮನಬಿಲ್ಲಿಗೆ ಮಾತ್ರ ಈ ಕಳಂಕ ಅಂಟಿಲ್ಲ, ಆ ಸಮುದಾಯದ ಬಾವುಟದ ಬಣ್ಣಗಳಿಗೂ ನಾವು ಮಕ್ಕಳ ಪಠ್ಯದ ಅದೇ ಪದವನ್ನು ನಿಶ್ಚಿಂತೆಯಿಂದ ಬಳಸುತ್ತೇವೆ.) 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ‘ಅನೈಸರ್ಗಿಕ ಅಪರಾಧ’ ಎಂಬ ತಲೆಬರಹವೂ ಈ ಪದದ ಬೆನ್ನ ಮೇಲೆ ಬಹಳ ಕಾಲ ಕೂತಿತ್ತು. ವಯಸ್ಕರು ಒಪ್ಪಿ ನಡೆಸುವ ಸಂಬಂಧವನ್ನು ಸುಪ್ರೀಂ ಕೋರ್ಟು ಆ ಕಲಮಿನಿಂದ ಹೊರಗೆ ತಂದದ್ದು 2018ರ ಸೆಪ್ಟೆಂಬರ್ 6ರಂದು. ಕಾನೂನು ಇಳಿದಷ್ಟು ಬೇಗ ಪದದ ಬೆನ್ನಿನಿಂದ ಆ ಭಾರ ಇಳಿದಿಲ್ಲ.

ಕಥಾಸಾರದಲ್ಲಿ ‘ಸಲಿಂಗಪ್ರೇಮ’ ಎಂದು ಬರೆಯುವುದಕ್ಕೆ ನನ್ನ ಒಪ್ಪಿಗೆ ಇದೆ, ಅದು ಈಗ ಓದುಗರಿಗೆ ಪರಿಚಿತವೂ ಹೌದು. ಸಂಭಾಷಣೆಯಲ್ಲಿ ಅದೂ ನಡೆಯದು, ಏಕೆಂದರೆ ‘ಏನಾಗಬೇಕು’ ಎಂಬುದು ಇಬ್ಬರ ನಡುವಿನ ನಂಟನ್ನು ಕೇಳುತ್ತದೆ. ‘ಸಲಿಂಗಪ್ರೇಮಿ’ ಒಬ್ಬನ ಬಗೆಯನ್ನು ಹೇಳುತ್ತದೆ. ‘ಅವನು ನನಗೆ ಸಲಿಂಗಪ್ರೇಮಿ ಆಗಬೇಕು’ ಎಂಬ ವಾಕ್ಯವನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಿ.

ಉಳಿದವುಗಳಲ್ಲಿ ‘ಪ್ರಿಯಕರ’ ಒಳ್ಳೆಯ ಪದವಾಗಿತ್ತು. ‘ಪ್ರಿಯಕರನೊಂದಿಗೆ ಸೇರಿ ಪತಿಯ ಕೊಲೆ’ ಎಂಬ ಮಾದರಿಯ ತಲೆಬರಹಗಳಿಂದಾಗಿ ಅದರೊಳಗೇ ಒಂದು ಕೊಲೆ ಸೇರಿಕೊಂಡಿದೆ. ಕೊಲೆಯ ಕಥೆಯಲ್ಲಿ ಅದನ್ನು ಬಳಸಿದರೆ ನೋಡುಗರು ಮೊದಲ ಕಂತಿನಲ್ಲೇ ಹುಡುಗನ ಮೇಲೆ ಸಂಶಯಪಡುತ್ತಾರೆ. ‘ಇನಿಯ’, ‘ನಲ್ಲ’ ಕವಿತೆಯ ಪದಗಳು. ವಚನಕಾರ ಉರಿಲಿಂಗದೇವರು ಗಂಡಸಾಗಿದ್ದೂ ಲಿಂಗವನ್ನು, ಎಂದರೆ ಶಿವನನ್ನು, ನಲ್ಲನೆಂದು ಕರೆದರಲ್ಲ ಎಂದು ಮಿತ್ರರೊಬ್ಬರು ನೆನಪಿಸಿದರು. ಆದರೆ ಅಲ್ಲಿ ಶರಣನು ಸತಿಯಾಗಿ ನಿಂತ ಮೇಲೆಯೇ ಆ ಪದ ಬಾಯಿಗೆ ಬರುವುದು, ಇಬ್ಬರೂ ಗಂಡುಹುಡುಗರಾಗಿಯೇ ಉಳಿಯುವ ನಮ್ಮ ಕಥೆಗೆ ಅದು ನೆರವಾಗದು. ‘ಸಂಗಾತಿ’ ಹೆಣ್ಣು ಗಂಡು ಇಬ್ಬರಿಗೂ ಸಲ್ಲುತ್ತದೆ, ಅದೇ ಅದರ ಗುಣ. ಬಾಳು ಕೂಡಿ ಸವೆಸಿದವರ ಗಾಂಭೀರ್ಯವಿರುವ ಆ ಪದವನ್ನು ಬೈಕ್ ಹಾರಿಸುವ ಹುಡುಗನ ಬಾಯಿಗೆ ಹಾಕಿದರೆ ಅವನಿಗೆ ನಲವತ್ತು ವರ್ಷವಾದಂತೆ ಕೇಳಿಸುತ್ತದೆ. ಕೊನೆಗೆ ‘ಗೆಳೆಯ’ ಎಂದು ಬರೆದು ಕರಡನ್ನು ಆಯಿಗೆ ತೋರಿಸಿದೆ. ಎರಡು ಕಂತು ನೋಡಿದ ಆಯಿ ಕನ್ನಡಕ ತೆಗೆದು, ‘ಬರೀ ದೋಸ್ತ ಆದ್ರೆ ಮುಚ್ಚಿಡದು ಎಂತಕ್ಕೆ?’ ಎಂದು ಕೇಳಿದಳು. ನನ್ನ ಸಭ್ಯ ಅನುವಾದದಲ್ಲಿ ಕಥೆಯ ಕೀಲೇ ಕಳಚಿಬಿದ್ದಿತ್ತು.

ಇದಕ್ಕೆ ಹೊಂದಿಕೊಂಡೇ ಸರ್ವನಾಮದ ಪ್ರಶ್ನೆಯೂ ಇದೆ. ಇಂಗ್ಲಿಷಿನಲ್ಲಿ ‘ಒಬ್ಬರ ಮೇಲೆ ಮನಸ್ಸಿದೆ’ ಎಂಬರ್ಥದ ಮಾತನ್ನು ಲಿಂಗ ತಿಳಿಸದೆ ಆಡಬಹುದು. ಕನ್ನಡದಲ್ಲಿ ‘ಒಬ್ಬನ’, ‘ಒಬ್ಬಳ’ ಎರಡನ್ನೂ ತಪ್ಪಿಸಲು ಇರುವ ದಾರಿ ‘ಒಬ್ಬರ’ ಎಂಬ ಗೌರವದ ಬಹುವಚನ ಮಾತ್ರ. ಆದರೆ ಹದಿನಾರರ ಹುಡುಗ ತನ್ನ ಓರಗೆಯವರನ್ನು ಹಾಗೆ ಬಹುವಚನದಲ್ಲಿ ಹೇಳಿದರೆ ಪೊಲೀಸ್ ತಾಯಿಗೇಕೆ, ಯಾವ ತಾಯಿಗಾದರೂ ಸಂಶಯ ಬಂದೀತು. ನಮ್ಮ ಹವಿಗನ್ನಡದಲ್ಲಿ (ಹವ್ಯಕರ ಆಡುಮಾತಿನಲ್ಲಿ) ಹೆಂಗಸರಿಗೆ ‘ಅವಳು ಬಂದಳು’ ಎನ್ನದೆ ‘ಅದು ಬಂತು’ ಎನ್ನುವ ರೂಢಿ ಇರುವುದರಿಂದ ಗುಟ್ಟು ಮಾಡಬೇಕಾದವನು ‘ಅದು’ ಎಂದುಬಿಟ್ಟರೆ ಕೇಳಿದವರು ತಾವಾಗಿಯೇ ಹುಡುಗಿ ಎಂದುಕೊಳ್ಳುತ್ತಾರೆ, ಅವನು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಇಂಥದೊಂದು ಸೌಲಭ್ಯ ಗ್ರಂಥಸ್ಥ ಕನ್ನಡಕ್ಕೆ ಇಲ್ಲ ಎಂಬುದು ನನ್ನ ಚಿಕ್ಕ ಹೆಮ್ಮೆ.

ಶೀರ್ಷಿಕೆಯ ಬಗ್ಗೆಯೂ ಒಂದು ಮಾತು. ನಾರ್ವೆಯ ಭಾಷೆಯಲ್ಲಿ ‘ಓಯೆ’ ಕಣ್ಣು, ‘ವಿಟ್ನೆ’ ಸಾಕ್ಷಿ. ಗೆಳತಿಯೊಬ್ಬಳು ‘ಕಣ್ಸಾಕ್ಷಿ’ ಎಂದು ಸೂಚಿಸಿದ್ದಾಳೆ. ಸಾಕ್ಷಾತ್ತಾಗಿ ಕಂಡವನೇ ಸಾಕ್ಷಿ ಎಂದು ಪಾಣಿನಿಯ ಸೂತ್ರ. ಸಾಕ್ಷಾತ್ತಿನೊಳಗೇ ಅಕ್ಷಿ ಇರುವುದರಿಂದ ‘ಕಣ್ಸಾಕ್ಷಿ’ಯಲ್ಲಿ ಕಣ್ಣು ಎರಡು ಸಲ ಬಂದಂತಾಗುತ್ತದೆ. ಪತ್ರಿಕೆಯ ‘ಪ್ರತ್ಯಕ್ಷದರ್ಶಿ’ಗೂ ಇದೇ ದೋಷ ಉಂಟು, ಆದರೂ ಅದು ಬಾಳುತ್ತಿದೆ. ನನಗೆ ಬರಿಯ ‘ಸಾಕ್ಷಿ’ ಸಾಕು ಅನಿಸುತ್ತದೆ, ಇದರಲ್ಲಿ ವಾದಕ್ಕೆ ಇಳಿಯಲಾರೆ.

ನನ್ನ ಸದ್ಯದ ಒಲವು ‘ನನ್ನವನು’ ಎಂಬುದರ ಕಡೆಗೆ. ‘ಅವನು ನಿನಗೆ ಏನಾಗಬೇಕು?’ ಎಂದರೆ ‘ನನ್ನವನು’. ನಂಟಿನ ಹೆಸರು ಹೇಳದೆ ನಂಟನ್ನು ಹೇಳುವ ಈ ಪದ, ಗಂಡನ ಹೆಸರೆತ್ತದ ಹಳೆಯ ತಲೆಮಾರಿನ ಹೆಂಗಸರ ‘ನಮ್ಮವರು’ ಎಂಬ ಮಾತಿನ ಒಡಹುಟ್ಟು. ಆದರೆ ‘ನಮ್ಮವನೇ’ ಎಂದರೆ ನಮ್ಮ ಜಾತಿಯವನು ಎಂದು ಅರ್ಥಮಾಡಿಕೊಳ್ಳುವ ಊರಿನಲ್ಲಿ ‘ನನ್ನವನು’ ಕೂಡ ಅತ್ತ ಜಾರೀತೇ ಎಂಬ ಅಳುಕಿದೆ. ಅಂಕೋಲೆ, ಕುಮಟೆಯ ಕಡೆಯ ಹಾಲಕ್ಕಿ ಅಥವಾ ನಾಡವ ಸಮುದಾಯದವರ ಮಾತಿನಲ್ಲಿ, ಕಾರವಾರದ ಕೊಂಕಣಿಯಲ್ಲಿ, ಗೆಳೆತನಕ್ಕಿಂತ ಹತ್ತಿರದ್ದನ್ನು ಹುಡುಗನೊಬ್ಬ ನಾಚದೆ ಹೇಳಬಹುದಾದ ಪದ ಇದೆಯೇ? ಇದ್ದರೆ ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಕೇಳಿದ್ದೀರಿ ಎಂಬುದನ್ನೂ ಸೇರಿಸಿ ಬರೆಯಬೇಕಾಗಿ ವಿನಂತಿ. ಮೂರನೆಯ ಕಂತಿಗೆ ಆಯಿ ಕಾಯುತ್ತಿದ್ದಾಳೆ.