ಷೈರ್ ಅನ್ನು ‘ಸೀಮೆ’ ಅನ್ನಲೇ? ಟೋಲ್ಕಿನ್ ಹೆಸರುಗಳ ಬಗ್ಗೆ ಅನುಭವ ಇದ್ದವರು ಹೇಳಿ

ಮಗಳಿಗೆ ಓದುವವಳು:
ಟೋಲ್ಕಿನ್ ಅವರ ಇಂಗ್ಲಿಷ್ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಹನ್ನೊಂದು ವರ್ಷದ ಮಗಳಿಗಾಗಿ ಮನೆಮಟ್ಟಿಗೆ ಕನ್ನಡಕ್ಕೆ ತರುತ್ತಿದ್ದೇನೆ, ದಿನಕ್ಕೆ ಎರಡು ಪುಟ. ಬ್ಯಾಗಿನ್ಸ್ ಅನ್ನೋ ಮನೆತನ, ಹಾಬಿಟ್ ಅನ್ನೋ ಗಿಡ್ಡ ಜನರ ನಾಡು ಷೈರ್, ಎಲ್ಫ್ ಜನರ ಕಣಿವೆ ರಿವೆಂಡೆಲ್ ಬಂದಾಗಲೆಲ್ಲ ‘ಹಾಗಂದ್ರೇನಮ್ಮ’ ಅಂತಾಳೆ. ಹೆಸರುಗಳನ್ನು ಹಾಗೇ ಬಿಡಲೇ, ಕನ್ನಡ ಮಾಡಲೇ?

ಮೂರನೇ ಕರಡು:
ಇದರಲ್ಲಿ ಕೈ ಸುಟ್ಟುಕೊಂಡವನು ನಾನು. ಮೊದಲ ಕರಡಿಗೆ ಹದಿನಾಲ್ಕು ತಿಂಗಳು, ಇನ್ನೂರು ಪುಟದ ಐದು ನೋಟ್‌ಬುಕ್ಕು ಹಿಡಿಯಿತು. ಸದ್ದು ಚೆನ್ನಾಗಿದೆ ಅಂತ ಷೈರ್ ಹಾಗೇ ಇಟ್ಟೆ. ಖಳನ ನಾಡು ಮೋರ್ಡೋರ್‌ಗೆ ‘ಕರಿನಾಡು’ ಅಂತ ಬರೆದೆ. ಎಲ್ಫ್‌ಗಳ ಭಾಷೆ ಎಲ್ವಿಶ್‌ನಲ್ಲಿ ಅದರ ಅರ್ಥ ಕಪ್ಪು ನಾಡೇ. ಆಮೇಲೆ ಟೋಲ್ಕಿನ್ ಅನುವಾದಕರಿಗೆಂದೇ ಬರೆದಿಟ್ಟ ಹೆಸರುಗಳ ಕೈಪಿಡಿ ಸಿಕ್ಕಿತು. ಡಚ್, ಸ್ವೀಡಿಷ್ ಅನುವಾದಗಳಲ್ಲಿ ಹೆಸರುಗಳಿಗಾದ ಗತಿ ನೋಡಿ ಬೇಸತ್ತು ಬರೆದದ್ದು. ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1975ರಲ್ಲಿ. ಇಂಗ್ಲಿಷ್ ಅನ್ನಿಸುವ ಹೆಸರನ್ನು ಅರ್ಥ ನೋಡಿ ನಿಮ್ಮ ಭಾಷೆಗೆ ತನ್ನಿ, ಉಳಿದದ್ದನ್ನು ಮುಟ್ಟಬೇಡಿ, ಇಷ್ಟೇ ಅದರ ಸಾರ. ನಾನು ನೇರ ಉಲ್ಟಾ ಮಾಡಿದ್ದೆ. ಐದೂ ನೋಟ್‌ಬುಕ್ಕಿನಲ್ಲಿ ಕರಿನಾಡನ್ನು ಕೆಂಪು ಪೆನ್ನಿಂದ ಹೊಡೆಯೋಕೆ ಹನ್ನೊಂದು ರಾತ್ರಿ ಬೇಕಾಯಿತು.

ಈಗ ಬ್ಯಾಗಿನ್ಸ್ ನನ್ನಲ್ಲಿ ‘ಸಂಚಿ’. ಫ್ರೋಡೊ ಸಂಚಿ, ಬಿಲ್ಬೊ ಸಂಚಿ. ಜರ್ಮನ್‌ನಲ್ಲೂ ಚೀಲದ ಅರ್ಥ ಹಿಡಿದೇ ‘ಬೊಯ್ಟ್ಲಿನ್’ ಮಾಡಿದ್ದಾರೆ. ಅವರ ಮನೆ ಬ್ಯಾಗ್ ಎಂಡ್ ‘ಸಂಚಿಮೂಲೆ’, ರಿವೆಂಡೆಲ್ ‘ಸೀಳುಕಣಿವೆ’, ಷೈರ್ ‘ಸೀಮೆ’. ಇವುಗಳಲ್ಲಿ ಒಂದನ್ನೂ ಬದಲಿಸಲಾರೆ.

ಹಾಗೇ ಬಿಟ್ಟವಳು:
ಸೀಮೆ? ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಕನ್ನಡದ ಕಿವಿಗೆ ಅದು ಹೊರಗಿನಿಂದ ಬಂದದ್ದು. ಹಾಬಿಟ್‌ಗಳ ಪಾಲಿಗೆ ಹೊರಗಿನದು ಅನ್ನೋದೇ ಇಲ್ಲದ ಜಾಗಕ್ಕೆ ಆ ಹೆಸರೇ? ಇನ್ನು ಕರಿನಾಡು. ಅದೇ ‘ಕರ್ನಾಟಕ’ದ ಮೂಲ ಅನ್ನೋರೂ ಇದ್ದಾರೆ. ಹೊಡೆದು ಹಾಕಿದಿರಿ, ಒಳ್ಳೇದಾಯ್ತು.

ನಾನು ಎಲ್ಲ ಹೆಸರನ್ನೂ ಹಾಗೇ ಬಿಟ್ಟೆ, ಪಶ್ಚಾತ್ತಾಪವಿಲ್ಲ. ಕಾರಣ ಎಲ್ಫ್, ಮನುಷ್ಯರಷ್ಟೇ ಎತ್ತರದ ಆ ಅಮರ ಜನ. ಮೊದಲು ‘ಯಕ್ಷ’ ಅಂತ ಆರು ಅಧ್ಯಾಯ ಬರೆದು ತಂಗಿಗೆ ಕೊಟ್ಟೆ. ‘ಕುಬೇರ ಯಾವಾಗ ಬರ್ತಾನೆ’ ಅಂತ ಕೇಳಿದಳು. ‘ಕಿನ್ನರ’ ಅಂತ ತಿದ್ದಿದೆ. ಅಣ್ಣನ ಮಗ ರಿವೆಂಡೆಲ್‌ನ ಒಡೆಯ ಎಲ್ರೊಂಡ್‌ನ ಚಿತ್ರ ಬರೆದು ತಂದ, ಬೆನ್ನಿಗೆ ರೆಕ್ಕೆ! ಮಕ್ಕಳ ಕಥೆಯ ಕಿನ್ನರಿ ಅಂದುಕೊಂಡಿದ್ದ. ಆರು ಅಧ್ಯಾಯ, ಎರಡು ಸಲ, ಎಲ್ಲ ದಂಡ. ನಿಮ್ಮ ಕೈಪಿಡಿಯಲ್ಲೇ ಇದೆಯಲ್ಲ ಸರ್, ಜರ್ಮನ್‌ನವರಿಗೆ ‘ಎಲ್ಫ್’ ಬೇಡ, ಹಳೆಯ ರೂಪ ‘ಆಲ್ಬ್’ ನೋಡಿ ಅಂತ. ಟೋಲ್ಕಿನ್‌ಗೂ ಕಾಡಿದ್ದು ಇದೇ ಪುಟಾಣಿ ರೆಕ್ಕೆ.

ಎರೆಯ:
ಇಬ್ಬರೂ ಬುಡವನ್ನೇ ಬಿಟ್ಟಿರಿ. ಪುಸ್ತಕ ತನ್ನನ್ನೇ ಅನುವಾದ ಅಂತ ಹೇಳಿಕೊಳ್ಳುತ್ತೆ. ಅದರ ಅನುಬಂಧದ ಪ್ರಕಾರ ಫ್ರೋಡೊನ ಆಳು ಸ್ಯಾಮ್‌ನ ನಿಜವಾದ ಹೆಸರು ಬನಜೀರ್, ಕರೆಯೋದು ಬಾನ್. ಅರ್ಧಬುದ್ಧಿಯವನು ಅಂತ ಅರ್ಥ, ಅದಕ್ಕೆ ಹೊಂದುವ ಹಳೆಯ ಇಂಗ್ಲಿಷ್ ಹೆಸರು ಹುಡುಕಿ ‘ಸ್ಯಾಮ್‌ವೈಸ್’ ಇಟ್ಟರು. ಕುದುರೆ ಸವಾರರ ನಾಡು ರೋಹನ್‌ನ ಜನರ ಮಾತು ಷೈರಿನವರಿಗೆ ತಮ್ಮದೇ ಮಾತಿನ ಹಳೆಯ ರೂಪದಂತೆ ಕೇಳಿಸುತ್ತೆ, ಅದಕ್ಕೇ ಅಲ್ಲಿ ಹಳೆಯ ಇಂಗ್ಲಿಷ್. ಅಲ್ಲಿಯ ರಾಜನ ಹೆಸರು ಥೇಯೊಡೆನ್ ಅಂದರೆ ಒಡೆಯ, ಅಷ್ಟೇ. ಹಾಗಾದರೆ ಕನ್ನಡದಲ್ಲಿ ಹಳಗನ್ನಡವೇ ಬರಬೇಕು. ನಾನು ಅವನನ್ನು ‘ಎರೆಯ’ ಅಂತ ಕರೆದೆ. ರೋಹನ್ ಭಾಗಕ್ಕೇ ಎರಡು ವರ್ಷ ತೆತ್ತೆ. ಓದಿದ ನಾಲ್ವರಲ್ಲಿ ಮೂವರು ನಿಘಂಟು ಕೇಳಿದರು, ಒಬ್ಬರು ಅರ್ಧಕ್ಕೇ ಬಿಟ್ಟರು. ಆದರೂ ಅದು ಸರಿಯಾದ ದಾರಿ. ಎಲ್ಫ್‌ಗಳ ಹಳೆಯ ಭಾಷೆ ಕ್ವೆನ್ಯಾದ ಮಾತುಗಳನ್ನು ಸಂಸ್ಕೃತಕ್ಕೆ ತಂದೆ. ಟೋಲ್ಕಿನ್ ಅವರೇ ಅದನ್ನು ಎಲ್ಫ್‌ಗಳ ಲ್ಯಾಟಿನ್ ಅಂದಿದ್ದಾರಲ್ಲ.

ಮೂರನೇ ಕರಡು:
ಹೋಲಿಸಿದ್ದಾರೆ, ಲ್ಯಾಟಿನ್ ಮಾಡಿಲ್ಲ ಸ್ವಾಮಿ! ಮನುಷ್ಯರ, ಹಾಬಿಟ್‌ಗಳ ಮಾತನ್ನಷ್ಟೇ ಅನುವಾದಿಸಿ ಎಲ್ಫ್‌ಗಳ ಮಾತನ್ನು ಹಾಗೇ ಇಟ್ಟರು. ಪುಸ್ತಕದ ಇಡೀ ಕಟ್ಟಡ ನಿಂತಿರೋದೇ ಆ ಗೆರೆಯ ಮೇಲೆ. ನೀವು ಅದನ್ನೇ ಅಳಿಸಿಬಿಟ್ಟಿರಿ.

ಎರೆಯ:
ಗೆರೆಯ ಮಾತು ‘ಸಂಚಿ’ ಬರೆದವರಿಂದ ಕೇಳಬೇಕಿಲ್ಲ.

ಸ ತಿದ್ದಿದವಳು:
ಹಾಗೇ ಬಿಡ್ತೀನಿ ಅನ್ನೋದೂ ಸುಲಭವಲ್ಲ ಮೇಡಂ. ಇಂಗ್ಲಿಷ್ ಅಕ್ಷರ ಎಲ್ಲ ಮುಚ್ಚಿಕೊಳ್ಳುತ್ತೆ, ಕನ್ನಡ ಮುಚ್ಚಲ್ಲ. ಮುನ್ನೂರು ಪುಟ ‘ಸೆಲೆಬಾರ್ನ್’, ‘ಸಿರಿತ್’ ಅಂತ ಬರೆದಿದ್ದೆ. ಉಚ್ಚಾರಣೆಯ ಅನುಬಂಧ ಆಮೇಲೆ ನೋಡಿದೆ: C ಬಂದ ಎಲ್ಲ ಕಡೆ ಕ. ಕೆಲೆಬೋರ್ನ್, ಕಿರಿತ್. ಕಂಪ್ಯೂಟರಿನಲ್ಲಿ ಒಟ್ಟಿಗೇ ಬದಲಿಸಲು ಹೋದೆ. ಸಿಗ್ನಲ್ಲು, ಸೆರೆಮನೆ, ಸಿಟ್ಟು ಎಲ್ಲದರ ಸ ಕ ಆಗಿ ಕೂತಿತು! ಮೂರು ವಾರ ಸಾಲು ಸಾಲಾಗಿ ಕೈಯಲ್ಲೇ ತಿದ್ದಿದೆ.

ಹಾಗೇ ಬಿಟ್ಟವಳು:
ನಾನು ಅನುಬಂಧ ಮೊದಲೇ ಓದಿದ್ದೆ.

ನೀನು-ನೀವು:
ಹೆಸರಿಗಿಂತ ದೊಡ್ಡದು ಇನ್ನೊಂದಿದೆ, ಯಾರೂ ಎತ್ತಲಿಲ್ಲ. ಷೈರಿನ ದಿನಬಳಕೆಯಲ್ಲಿ ಗೌರವದ ‘ನೀವು’ ಬಿದ್ದುಹೋಗಿತ್ತು ಅಂತ ಅನುಬಂಧದಲ್ಲಿದೆ. ಹಾಬಿಟ್ ಪಿಪ್ಪಿನ್ ಮನುಷ್ಯರ ರಾಜ್ಯ ಗೊಂಡೋರ್‌ಗೆ ಹೋಗಿ ಅದನ್ನು ಆಳುವ ಡೆನೆಥೋರ್‌ನನ್ನೂ ‘ನೀನು’ ಅಂದ. ಆಳುಗಳು ಬೆರಗಾದರು, ಇವನು ಯಾವನೋ ದೊಡ್ಡ ಮನೆತನದವನೇ ಇರಬೇಕು ಅನ್ನೋ ಸುದ್ದಿ ಹಬ್ಬಿತು. ಇಂಗ್ಲಿಷ್‌ನಲ್ಲಿ ಇದು ಕಾಣೋದೇ ಇಲ್ಲ. ಕನ್ನಡದಲ್ಲಿ ಒಂದೇ ಪದ ಸಾಕು. ನಾನು ಹಾಗೇ ಬರೆದೆ, ಆ ಪುಟದ ಬಗ್ಗೆ ನನಗೆ ಹೆಮ್ಮೆಯಿದೆ.

ಎರೆಯ:
ಆ ಲೆಕ್ಕದಲ್ಲಿ ಸ್ಯಾಮ್ ಕೂಡ ಫ್ರೋಡೊಗೆ ‘ನೀನು’ ಅನ್ನಬೇಕಲ್ಲ. ತೋಟ ನೋಡಿಕೊಳ್ಳುವವನು, ಯಜಮಾನನಿಗೆ!

ನೀನು-ನೀವು:
ಅನ್ನಿಸಿದ್ದೇನೆ. ವಚನಕಾರರು ದೇವರನ್ನೇ ‘ನೀನು’ ಅಂದರು, ಅದರಿಂದ ಗೌರವ ಕಡಿಮೆಯಾಯಿತೇ? ಎಂಟು ತಿಂಗಳು ‘ನೀವು’ ಇಟ್ಟು ನೋಡಿದೆ. ಕೊನೆಯ ಬೆಟ್ಟದಲ್ಲಿ ಸ್ಯಾಮ್ ಫ್ರೋಡೊನನ್ನು ಹೊತ್ತುಕೊಂಡು ಹತ್ತುವಾಗ ಅದು ನಾಲಿಗೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ಹಾಗೇ ಬಿಟ್ಟವಳು:
ರೋಹನ್ ರಾಜಮನೆತನದ ಎಯೊವಿನ್‌ಗೆ ಏನು ಮಾಡಿದಿರಿ? ‘ಹೋಗುವೆಯಾ’ ಅಂತ ತಾನು ಮೆಚ್ಚಿದ ಅರಗೋರ್ನ್‌ನನ್ನು ಕೇಳುವಾಗ ಮೂಲದಲ್ಲೂ ಅವಳ ಮಾತು ಥಟ್ಟನೆ ‘ದೌ’ಗೆ, ಅಂದರೆ ಇಂಗ್ಲಿಷಿನ ಹಳೆಯ ಸಲಿಗೆಯ ‘ನೀನು’ಗೆ ತಿರುಗುತ್ತೆ.

ನೀನು-ನೀವು:
ಅಲ್ಲಿಯವರೆಗೆ ‘ನೀವು’, ಆ ಒಂದು ಪ್ರಶ್ನೆಯಿಂದ ‘ನೀನು’. ಅವನು ಮಾತ್ರ ‘ನೀವು’ ಬಿಡಲಿಲ್ಲ.

ಮಗಳಿಗೆ ಓದುವವಳು:
ಸೀಮೆಗೆ ಬೇರೆ ಪದ ಹೊಳೆದಿದೆಯಾ ಯಾರಿಗಾದರೂ? ಇವತ್ತು ರಾತ್ರಿ ಮೂರನೇ ಅಧ್ಯಾಯ.